ಬೀಗ ಹಾಕಿದ ಮನೆಯ ಮಾಳಿಗೆ

ಮೊನ್ನೆ ಭಾನುವಾರ ಗಿರಣಿ ಬಂದ್ ಇಟ್ಟಿದ್ದೆ. ಬೆಳಿಗ್ಗೆ ಆರಕ್ಕೇ ಜೋಳದ ಡಬ್ಬಿ ಹೊತ್ತುಕೊಂಡು ಇಬ್ಬರು ಬಂದರು. "ನಾಳೆ ಬರ್ರಿ, ಇವತ್ತ ಮಾಳಗಿಗೆ ಮಣ್ಣ ಹಾಕೂದೈತಿ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬಳಂತೂ ಡಬ್ಬಿ ಅಲ್ಲೇ ಇಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಬುಟ್ಟಿ ಹಿಡಿದೇ ಬಿಟ್ಟಳು. ರೋಹಿಣಿ ಮಳೆ ಅರ್ಧ ಕಳೆದಿತ್ತು. ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಉಳಿದದ್ದು ಒಂದೇ ವಾರ. ಅಡ್ಡಮಳೆ ಎರಡು ಸಲ ಬಂದು ಹೋಗಿ, ಮಾಳಿಗೆ ಮೇಲೆ, ಅಂದರೆ ಮನೆಯ ಮಣ್ಣಿನ ಚಾವಣಿಯ ಮೇಲೆ, ಹುಲ್ಲಿನ ಹಸಿರು ಆಗಲೇ ಇಣುಕುತ್ತಿತ್ತು. ಈ ದಿನಗಳಲ್ಲಿ ಮಾಳಿಗೆ ಕೆಲಸ ಅಂದರೆ ನಮ್ಮೂರಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ನಮ್ಮದು ರೋಣ ತಾಲ್ಲೂಕಿನ ಎರಿ ಸೀಮೆ, ಕಪ್ಪು ಮಣ್ಣಿನ ನೆಲ. ಬೆಣ್ಣೆಹಳ್ಳ ಊರಿಗೆ ಹತ್ತಿರ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ. ಮಳೆಗಾಲದಲ್ಲಿ ಅದೇ ಹೊಲ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಓಣಿಯಲ್ಲಿ ಹನ್ನೊಂದು ಮನೆ. ಮೂರು ಸ್ಲ್ಯಾಬ್ ಹಾಕಿದವು, ಒಂದು ತಗಡಿನದು, ಉಳಿದ ಏಳು ಹಳೆ ಮಣ್ಣಿನ ಮಾಳಿಗೆಯವು. ಎಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ. ನಮ್ಮ ಮಾಳಿಗೆ ಹತ್ತಿದರೆ ಅಂಚಿನ ಗಿಡ್ಡ ಗೋಡೆ, ಅಂದರೆ ಕುಂಬಿ, ದಾಟಿ ದಾಟಿ ಓಣಿಯ ಕೊನೆಯ ಮನೆವರೆಗೂ ಹೋಗಬಹುದು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ ಒಣ ಹಾಕುವುದೂ ಅಲ್ಲೇ. ಮೇಲೆ ನಿಂತರೆ ಎಲ್ಲಿಂದ ಎಲ್ಲಿಗೆ ಯಾರ ಮನೆ ಅಂತ ಕುಂಬಿ ನೋಡಿಯೇ ಹೇಳಬೇಕು.

ಮಣ್ಣಿನ ಮನೆಯ ಮಾತು ಈಗ ಯಾಕೆ ಅಂತ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಕೇಳುತ್ತಾಳೆ. ಸ್ಲ್ಯಾಬ್ ಹಾಕಿಸಿದರೆ ಮುಗೀತು ಅಲ್ವಾ ಅನ್ನುತ್ತಾಳೆ. ದುಡ್ಡು ಇದ್ದವರು ಹಾಕಿಸಲಿ. ನಮ್ಮ ಓಣಿಯ ಏಳು ಮನೆಯಲ್ಲಿ ಸದ್ಯಕ್ಕೆ ಆ ಮಾತಿಲ್ಲ. ಇನ್ನೊಂದು ವಿಷಯ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಸ್ಲ್ಯಾಬಿನ ಮನೆಯವರೇ ನಮ್ಮ ಪಡಸಾಲೆಗೆ ಬಂದು ಮಲಗುತ್ತಾರೆ. ಮಣ್ಣಿನ ಮನೆ ಒಳ್ಳೆಯ ಮನೆ. ವರ್ಷಕ್ಕೊಮ್ಮೆ ಕೈ ಆಡಿಸಬೇಕು, ಅಷ್ಟೇ. ಆ ಒಂದು ಸಲವನ್ನು ತಪ್ಪಿಸಿದರೆ ಏನಾಗುತ್ತದೆ ಅಂತ ನಾವು 2019ರಲ್ಲಿ ಕಂಡೆವು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಾದಿನಿಯರಿಬ್ಬರೂ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದರು. ಅಳ್ಳು ಹುರಿದಿದ್ದೆವು, ಐದು ತರದ ಉಂಡಿ ಕಟ್ಟಿದ್ದೆವು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೂ ಆಗಿತ್ತು. ಆದರೆ ಯಾರೂ ಜೀಕಲಿಲ್ಲ. ಆಶ್ಲೇಷ ಮಳೆ ಹಿಡಿದಿದ್ದು ಬಿಡಲೇ ಇಲ್ಲ. ಹಗಲು ರಾತ್ರಿ ಒಂದೇ ಸಮ ಸುರಿಯಿತು. ಬೆಣ್ಣೆಹಳ್ಳ ತುಂಬಿ ಹೊಲಕ್ಕೆ ನುಗ್ಗಿತು, ಮಲಪ್ರಭೆಯ ದಂಡೆಯ ಊರುಗಳು ನೀರಲ್ಲಿ ನಿಂತವು. ನಮ್ಮ ಓಣಿ ಎತ್ತರದಲ್ಲಿದೆ. ಹಳ್ಳದ ನೀರು ನಮ್ಮವರೆಗೆ ಬರುವುದಿಲ್ಲ ಅಂತ ನಾವು ಧೈರ್ಯದಿಂದ ಇದ್ದೆವು.

ಹಳ್ಳದ ನೀರು ಬರಲಿಲ್ಲ. ನಾಲ್ಕನೆಯ ರಾತ್ರಿ ಬೆಳಗಿನ ಜಾವ ಪಕ್ಕದ ಮನೆಯ ಗೋಡೆ ನಮ್ಮ ದನದ ಕೊಟ್ಟಿಗೆ ಮೇಲೆ ಬಿತ್ತು. ದೊಡ್ಡ ಸಪ್ಪಳ ಏನೂ ಆಗಲಿಲ್ಲ. ತುಂಬಿದ ಚೀಲವನ್ನು ಎತ್ತಿ ನೆಲಕ್ಕೆ ಹಾಕಿದ ಹಾಗೆ ಒಂದು ಸದ್ದು, ಅಷ್ಟೇ. ಗಡಿಯಾರ ನೋಡಿದೆ, ನಾಲ್ಕೂಮುಕ್ಕಾಲು. ನಮ್ಮ ಅತ್ತೆ ಎಮ್ಮೆ ಹಿಂಡಲು ದಿನಾ ಐದಕ್ಕೆ ಕೊಟ್ಟಿಗೆಗೆ ಹೋಗುತ್ತಿದ್ದರು. ಅವತ್ತು ಎದ್ದು ಮುಖ ತೊಳೆಯುತ್ತಿದ್ದರು. ಚರಿಗೆ ಕೈಯಲ್ಲೇ ಇತ್ತು.

ಎಮ್ಮೆ ಸತ್ತಿತು. ಕರು ಈ ಕಡೆ ಕಂಬಕ್ಕೆ ಕಟ್ಟಿದ್ದರಿಂದ ಉಳಿಯಿತು. ಅತ್ತೆ ಮೂರು ದಿನ ಮಾತಾಡಲಿಲ್ಲ. ಎಮ್ಮೆ ಹೋಯಿತು ಅಂತಲೋ, ತಾವು ಉಳಿದೆ ಅಂತಲೋ, ನಾನು ಇವತ್ತಿಗೂ ಕೇಳಿಲ್ಲ.

ಪಕ್ಕದ ಮನೆಗೆ ಆಗ ಮೂರು ವರ್ಷದಿಂದ ಬೀಗ. ಆ ಮನೆಯ ಹುಡುಗ ಹೆಂಡತಿ ಮಕ್ಕಳ ಜೊತೆ ಗೋವಾಕ್ಕೆ ದುಡಿಯಲು ಹೋಗಿದ್ದ. ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ. ಮೂರು ವರ್ಷ ಅದರ ಮಾಳಿಗೆಗೆ ಒಂದು ಬುಟ್ಟಿ ಮಣ್ಣು ಬಿದ್ದಿರಲಿಲ್ಲ. ಮಳೆ ನಿಂತ ಮೇಲೆ ನಾನೇ ಮೇಲೆ ಹತ್ತಿ ನೋಡಿದೆ. ನೀರು ಹೊರಗೆ ಸುರಿಯುವ ತಗಡಿನ ದೋಣಿ ಇದೆಯಲ್ಲ, ಅದರ ಬಾಯಿಗೆ ಒಂದು ಹಳೆ ಚಪ್ಪಲಿ, ಒಂದು ಪ್ಲಾಸ್ಟಿಕ್ ಚೀಲ, ಅದರ ಸುತ್ತ ಹುಲ್ಲಿನ ಬೇರು. ಕೈಯಿಂದ ಎಳೆದರೆ ಒಂದೇ ಸಲಕ್ಕೆ ಕಿತ್ತು ಬಂತು. ಅರ್ಧ ನಿಮಿಷದ ಕೆಲಸ. ಅದು ಕಟ್ಟಿಕೊಂಡಿದ್ದರಿಂದ ಮಾಳಿಗೆ ಮೇಲೆ ನೀರು ನಿಂತಿದೆ, ನಿಂತ ನೀರು ಗೋಡೆಯ ತಲೆಯೊಳಗೆ ಇಳಿದಿದೆ, ಗೋಡೆ ಮೇಲಿನಿಂದ ಕೆಳಗಿನವರೆಗೆ ನೆನೆದು ತನ್ನ ಭಾರಕ್ಕೆ ತಾನೇ ಕುಸಿದಿದೆ.

ಆ ಹುಲ್ಲು ನಮಗೆ ಹೊಸದಲ್ಲ. ಎರಡು ಮಳೆಗಾಲ ಅದನ್ನು ನಮ್ಮ ಕುಂಬಿಯಿಂದ ನೋಡುತ್ತಲೇ ಇದ್ದೆವು. ಸಂಡಿಗೆ ಹಾಕುವಾಗ "ನೋಡಿಲ್ಲಿ, ಮಣಕಾಲಮಟ ಬೆಳದೈತಿ" ಅಂತ ಮಾತಾಡಿಕೊಂಡೂ ಇದ್ದೆವು. ಅವರ ಮನೆ, ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡೆವು. ನನಗೆ ಇವತ್ತಿಗೂ ಚುಚ್ಚುವುದು ಇದೇ. ಕುಂಬಿ ಎರಡು ಅಡಿ ಎತ್ತರ. ದಾಟಿ ಹೋಗಿ ಆ ಚಪ್ಪಲಿ ತೆಗೆದು ಬಿಸಾಕಬಹುದಿತ್ತು.

2020ರ ಲಾಕ್‌ಡೌನಿನಲ್ಲಿ ಗೋವಾದ ಕೆಲಸ ನಿಂತು ಆ ಹುಡುಗ ಊರಿಗೆ ಬಂದ. ಬಂದವನೇ ನಮ್ಮ ಬಾಗಿಲಲ್ಲಿ ನಿಂತುಕೊಂಡ. ಒಳಗೆ ಬಾ ಅಂದರೂ ಬರಲಿಲ್ಲ. "ತಪ್ಪಾತು ವೈನಿ" ಅಂದ. ನಾನು ಏನು ಹೇಳಬೇಕು ಅಂತ ತಿಳಿಯದೆ ನಿಂತಿದ್ದೆ. ಅತ್ತೆ ಒಳಗಿನಿಂದಲೇ ಅಂದರು, "ನಿಂದೊಬ್ಬಂದ ಅಲ್ಲೋ ತಮ್ಮಾ. ನಾವೂ ನೋಡ್ಕೋಂತ ಕುಂತಿದ್ವಿ. ಒಳಗ ಬಾ, ಚಾ ಕುಡಿ." ಆ ಮೇ ತಿಂಗಳಲ್ಲಿ ಎರಡೂ ಮನೆಯವರು ಸೇರಿ ಗೋಡೆ ಎಬ್ಬಿಸಿದೆವು. ಕೆಳಗೆ ಎರಡು ಅಡಿ ಕಲ್ಲು, ಅದರ ಮೇಲೆ ಮಣ್ಣು. ಗೋವಾದ ಕೆಲಸ ಮತ್ತೆ ಶುರುವಾಗಿ ಅವನು ತಿರುಗಿ ಹೋಗುವಾಗ ಬೀಗದ ಕೈ ನನ್ನ ಕೈಗೆ ಕೊಟ್ಟ. ಗಿರಣಿಯಲ್ಲಿ ತಕ್ಕಡಿಯ ಮೇಲಿನ ಮೊಳೆಗೆ ಈಗಲೂ ತೂಗುಹಾಕಿದ್ದೇನೆ.

ಅಲ್ಲಿಂದ ನಮ್ಮ ಓಣಿಯಲ್ಲಿ ಒಂದು ಪದ್ಧತಿ ಆಯಿತು. ಬಸವ ಜಯಂತಿ ಕಳೆದ ಮೇಲೆ ಮಿರಗ ಹುಟ್ಟುವುದರೊಳಗೆ ಏಳೂ ಮಾಳಿಗೆ ಒಟ್ಟಿಗೆ ನೋಡುವುದು. ಬೀಗ ಹಾಕಿದ್ದೂ ಅದರಲ್ಲಿ ಸೇರಿತು. ಮಣ್ಣಿನ ಟ್ರ್ಯಾಕ್ಟರ್ ಬಾಡಿಗೆ ಏಳು ಪಾಲು. ಗೋವಾದ ಪಾಲು ಫೋನ್‌ಪೇದಲ್ಲಿ ಬರುತ್ತದೆ. ಒಮ್ಮೆಯೂ ತಡವಾಗಿಲ್ಲ.

ಈಗ ಮಣ್ಣಿನ ವಿಷಯ. ಮಾಳಿಗೆಗೆ ಕಂಡ ಮಣ್ಣು ಹಾಕಬಾರದು. ಎರಿ ಮಣ್ಣು ಹಾಕಿದರೆ ಬಿಸಿಲಿಗೆ ಹೊಲದ ಹಾಗೆಯೇ ಬಾಯಿ ಬಿಡುತ್ತದೆ, ಮೊದಲ ಮಳೆ ನೇರವಾಗಿ ಅಡಿಗೆಮನೆಗೆ ಬರುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣು, ನೀರನ್ನು ತಡೆಯುವುದೇ ಇಲ್ಲ. ಬೇಕಾದದ್ದು ಸವಳು ಮಣ್ಣು. ಬೆಳೆ ಬಾರದ ಹೊಲದ ಮಣ್ಣು, ಮೇಲೆ ಉಪ್ಪು ಬಿಳಿ ಬಿಳಿ ಕಾಣುತ್ತದೆ. ಹೊಲಕ್ಕೆ ಅದು ರೋಗ, ಮಾಳಿಗೆಗೆ ಅದೇ ಮದ್ದು. ಆ ಮಣ್ಣಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ. ಮಳೆ ನೀರು ಬಿದ್ದ ಕೂಡಲೇ ಜೇಡಿ ಬಿಡಿಬಿಡಿಯಾಗಿ ಹಿಟ್ಟಿನ ಹಾಗೆ ಕರಗಿ, ಸಣ್ಣ ಸಣ್ಣ ಸಂದಿಗಳಲ್ಲಿ ಕೂತು ಮುಚ್ಚಿಬಿಡುತ್ತದೆ. ಹೊಲದಲ್ಲಿ ನೀರು ಇಂಗದೆ ನಿಲ್ಲುವುದು ಇದರಿಂದಲೇ. ಮಾಳಿಗೆ ಮೇಲೆ ನಮಗೆ ಬೇಕಾದದ್ದೂ ಅದೇ. ಹುಲ್ಲೂ ಅದರಲ್ಲಿ ಸರಿಯಾಗಿ ಬೇರು ಬಿಡುವುದಿಲ್ಲ.

ಟ್ರ್ಯಾಕ್ಟರಿನವನು ಸವಳು ಅಂತ ಹೇಳಿ ಯಾವುದೋ ಮಣ್ಣು ತಂದು ಸುರಿದರೆ ಗೊತ್ತಾಗುವುದು ಹೇಗೆ? ಎದುರುಮನೆ ಅಜ್ಜ ನನಗೆ ಕಲಿಸಿದ್ದು ಇದು. ಎರಡು ಗಾಜಿನ ಲೋಟದಲ್ಲಿ ನೀರು ತಗೊಳ್ಳಿ. ಮಳೆ ನೀರು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಶುದ್ಧ ನೀರಿನ ಘಟಕದ ನೀರು. ಬೋರಿನ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಒಂದು ಲೋಟಕ್ಕೆ ಎರಿ ಹೆಂಟೆ, ಇನ್ನೊಂದಕ್ಕೆ ತಂದ ಮಣ್ಣಿನ ಹೆಂಟೆ, ಅಡಿಕೆಯಷ್ಟು ದಪ್ಪ. ಕದಡಬಾರದು. ಸುಮ್ನೆ ಬಿಟ್ಟುಬಿಡಬೇಕು. ಎರಿ ಹೆಂಟೆ ಬುಸಬುಸ ಅಂತ ಒಡೆದು ಕೆಳಗೆ ಕೂರುತ್ತದೆ, ಮೇಲಿನ ನೀರು ತಿಳಿಯಾಗಿರುತ್ತದೆ. ಸವಳು ಹಾಗಲ್ಲ. ಹೆಂಟೆಯ ಸುತ್ತ ಮೊದಲು ಹೊಗೆ ಎದ್ದ ಹಾಗೆ ಕಾಣುತ್ತದೆ. ಆಮೇಲೆ ಲೋಟವೆಲ್ಲ ಚಹಾದ ಹಾಗೆ ಕದಡಿ, ಮರುದಿನ ಬೆಳಿಗ್ಗೆ ನೋಡಿದರೂ ತಿಳಿಯಾಗಿರುವುದಿಲ್ಲ. ಗಿರಣಿಯ ಕಿಟಕಿಯಲ್ಲಿ ಪ್ರತಿ ವರ್ಷ ಈ ಲೋಟ ಇಡುತ್ತೇನೆ. ಹಿಟ್ಟು ಹಾಕಿಸಲು ಬಂದವರೆಲ್ಲ ಬಗ್ಗಿ ನೋಡಿ ಹೋಗುತ್ತಾರೆ. ಈ ವರ್ಷ ಮೊದಲ ಟ್ರಿಪ್ಪಿನ ಮಣ್ಣಿನ ಲೋಟದ ನೀರು ತಿಳಿಯಾಯಿತು, ಮಣ್ಣು ವಾಪಸ್ ಕಳಿಸಿದೆವು.

ಇನ್ನೊಂದು ತಪ್ಪು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ವರ್ಷ ವರ್ಷ ಹಳೆಯದರ ಮೇಲೆ ಹೊಸದು ಸುರಿಯುತ್ತಾ ಹೋಗುತ್ತಾರೆ. ಸೋರಿದರೆ ಇನ್ನೆರಡು ಬುಟ್ಟಿ. ಅದರ ಭಾರ ಯಾರೂ ಲೆಕ್ಕ ಹಾಕುವುದಿಲ್ಲ. ನಾನು ದಿನಾ ತೂಕದ ಮುಂದೆ ಕೂರುವವಳು, ಒಮ್ಮೆ ಹಾಕಿ ನೋಡಿದೆ. ಹತ್ತು ಅಡಿಗೆ ಹತ್ತು ಅಡಿ ಕೋಣೆ, ಮೇಲೆ ಒಂದಡಿ ಮಣ್ಣು. ನೂರು ಘನ ಅಡಿ ಆಯಿತು. ದಮ್ಮಸು ಹಾಕಿದ ಒಂದು ಘನ ಅಡಿ ಒಣ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಅಲ್ಲಿಗೆ 4,500 ಕಿಲೋ. ನಮ್ಮ ಮಾತಲ್ಲಿ ಹೇಳುವುದಾದರೆ 45 ಕ್ವಿಂಟಲ್ ಜೋಳವನ್ನು ಮಲಗುವ ಕೋಣೆಯ ಜಂತಿ ಮೇಲೆ ಒಟ್ಟಿದ ಹಾಗೆ. ಮಳೆಗೆ ನೆನೆದರೆ ಇನ್ನೂ ಜಾಸ್ತಿ. ಬೀಗ ಹಾಕಿದ ಮನೆಯ ಮಾಳಿಗೆಗೆ ಕಬ್ಬಿಣದ ಸರಳು ಚುಚ್ಚಿ ಅಳೆದರೆ ಕೆಲವು ಕಡೆ ಒಂದೂವರೆ ಅಡಿ ಬಂತು. ತಲೆಮಾರುಗಳ ಮಣ್ಣು ಅದು. ಜಂತಿ ಬೇವಿನವು, ಗಟ್ಟಿ ಇವೆ, ಆದರೂ ಎರಡು ಬಾಗಿದ್ದವು.

ಹಾಗಾಗಿ ಈಗ ಮೊದಲು ಕೆರೆಯುವುದು, ಆಮೇಲೆ ಹಾಕುವುದು. ಸಲಿಕೆಯಿಂದ ಮೇಲಿನ ಮೂರು ನಾಲ್ಕು ಬೆರಳು ಹಳೆ ಮಣ್ಣು ತೆಗೆದು ಕೆಳಗೆ ಹಾಕುತ್ತೇವೆ. ಹುಲ್ಲನ್ನು ಕುರ್ಪಿಯಿಂದ ಬೇರು ಸಮೇತ ಕೀಳುತ್ತೇವೆ. ಮೇಲಿಂದ ಕತ್ತರಿಸಿದರೆ ಬೇರು ಒಳಗೇ ಕೊಳೆತು ಕೊಳವೆಯ ಹಾಗೆ ತೂತಾಗುತ್ತದೆ. ಆಮೇಲೆ ತೆಗೆದಷ್ಟೇ ಹೊಸ ಸವಳು, ದೋಣಿಯ ಕಡೆ ಇಳಿಜಾರು ಮಾಡಿ, ದಮ್ಮಸು ಹಾಕುವುದು. ದೋಣಿಯ ಬಾಯಿಯಲ್ಲಿ ಒಂದು ಬಿಂದಿಗೆ ನೀರು ಸುರಿದು ಹೊರಗೆ ಬೀಳುತ್ತದಾ ಅಂತ ನೋಡಿಯೇ ಇಳಿಯಬೇಕು. ಒಬ್ಬರೇ ಹತ್ತಬಾರದು. ಜಂತಿಯ ಮೇಲೆ ಕಾಲಿಡಬೇಕು, ಎರಡು ಜಂತಿಯ ನಡುವೆ ಬೇಡ. ಮಕ್ಕಳನ್ನು ಮೇಲೆ ಬಿಡಬಾರದು. ಬೆಳಕಿಂಡಿಯ ಮೇಲೆ ಮಣ್ಣು ಬಿದ್ದು ಮುಚ್ಚಿರುತ್ತದೆ, ಅಲ್ಲಿ ಬೆಳಕಿಂಡಿ ಇದೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಕೆಲವರು ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ನನ್ನ ಮನಸ್ಸಿಗೆ ಅದು ಒಪ್ಪುವುದಿಲ್ಲ. ಒಂದು ಕಡೆ ಹರಿದರೆ ನೀರು ಹಾಳೆಯ ಕೆಳಗೆ ಎಲ್ಲೋ ಹೋಗಿ ಎಲ್ಲೋ ಇಳಿಯುತ್ತದೆ. ಎಲ್ಲಿ ಸೋರುತ್ತಿದೆ ಅಂತ ತಿಳಿಯುವಷ್ಟರಲ್ಲಿ ಕಟ್ಟಿಗೆ ಕೊಳೆತಿರುತ್ತದೆ. ಅವಸರಕ್ಕೆ ಮೇಲೆ ತಾಡಪತ್ರಿ ಹೊದಿಸಿ, ಮಳೆ ಬಿಟ್ಟ ಮೇಲೆ ತೆಗೆದು ಒಣಗಿಸಿ. ಅಷ್ಟು ಸಾಕು.

ಗೋಡೆಯ ಮಾತಿಗೆ ಬರುತ್ತೇನೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಮಾಡಿಸಬೇಡಿ. ನಾವು ಮಾಡಿಸಿದ್ದೆವು. ಬೀದಿ ಕಡೆಯ ಗೋಡೆಗೆ, ನೆಲದಿಂದ ಐದು ಅಡಿ. ಎರಡು ವರ್ಷ ಚೆಂದ ಕಂಡಿತು. ಮೂರನೆಯ ವರ್ಷ ಬುಡದಲ್ಲಿ ಸಣ್ಣಗೆ ಉಬ್ಬಿತು. ಬೆರಳಿಂದ ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ನಮ್ಮ ಮನೆಯವರು ಉಳಿಯಿಂದ ಒಂದು ತುಣುಕು ಎಬ್ಬಿಸಿದರು. ಹೊರಗೆ ಕಲ್ಲಿನಂಥ ಗಿಲಾವ್, ಒಳಗೆ ಮಣ್ಣು ನಾದಿದ ಹಿಟ್ಟಿನಷ್ಟು ಮೆತ್ತಗಿತ್ತು. ಬೆರಳು ಒತ್ತಿದರೆ ಒಳಗೆ ಹೋಯಿತು. ನೆಲದ ತೇವ ಗೋಡೆಗೆ ಏರುತ್ತದೆ, ಮಣ್ಣು ತಾನಾಗಿ ಒಣಗುತ್ತದೆ. ಸಿಮೆಂಟ್ ಮುಚ್ಚಿದರೆ ಆ ತೇವಕ್ಕೆ ಹೊರಗೆ ಹೋಗುವ ದಾರಿ ಇಲ್ಲ. ಒಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅದೇ ಭಯ. ಅವತ್ತೇ ಎಲ್ಲ ಕಿತ್ತು ಹಾಕಿ, ಒಣಗಲು ಪೂರ್ತಿ ಬೇಸಿಗೆ ಬಿಟ್ಟು, ಮಣ್ಣು, ಹೊಟ್ಟು, ಸೆಗಣಿ ಕಲಸಿ ಮೆತ್ತಿದೆವು. ಪ್ರತಿ ದೀಪಾವಳಿಗೆ ಮತ್ತೆ ಸಾರಿಸುತ್ತೇವೆ. ಗೋಡೆಯ ಬುಡಕ್ಕೆ ಗಟಾರದ ನೀರು ತಾಗದ ಹಾಗೆ ಒಂದು ಸಾಲು ಕಲ್ಲು ಇಟ್ಟಿದ್ದೇವೆ. ಬಚ್ಚಲ ನೀರಿಗೆ ಪೈಪ್ ಹಾಕಿದ್ದೇವೆ. ಗೋಡೆಗಳು ಹಾಳಾಗುವುದು ಮಳೆಯಿಂದ ಮಾತ್ರ ಅಲ್ಲ, ವರ್ಷವಿಡೀ ಬುಡಕ್ಕೆ ತಾಗುವ ಬಚ್ಚಲ ನೀರಿನಿಂದಲೂ.

ಬಿರುಕಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಮೈದಾ ಅಂಟು ಕುದಿಸಿ, ಹಳೆ ನೋಟ್‌ಬುಕ್ಕಿನ ಹಾಳೆಯನ್ನು ಎರಡು ಬೆರಳು ಅಗಲದ ಪಟ್ಟಿಯಾಗಿ ಹರಿದು, ಬಿರುಕಿನ ಮೇಲೆ ಅಡ್ಡ ಅಂಟಿಸುತ್ತೇನೆ. ಮೇಲೆ ತಾರೀಖು ಬರೆಯುತ್ತೇನೆ. ಗೋಡೆ ಅಲುಗದಿದ್ದರೆ ಪಟ್ಟಿ ಹಾಗೇ ಇರುತ್ತದೆ. ಬಿರುಕು ಕೂದಲೆಳೆಯಷ್ಟು ಅಗಲ ಆದರೂ ಪಟ್ಟಿ ಹರಿಯುತ್ತದೆ. ಹಳೆಯ ಬಿರುಕು ಕಂಡು ಸುಮ್ನೆ ಹೆದರಬೇಕಾಗಿಲ್ಲ, ಬೆಳೆಯುತ್ತಿರುವ ಬಿರುಕನ್ನು ಬಿಡಬಾರದು. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ. ಓಣಿಯಲ್ಲಿ ಈಗ ಒಟ್ಟು ಹದಿನಾಲ್ಕು ಪಟ್ಟಿ ಇವೆ. ಎರಡು ವರ್ಷದ ಹಿಂದೆ ಕೊನೆಯ ಮನೆಯ ದೊಡ್ಡವ್ವನ ಹಿತ್ತಿಲ ಗೋಡೆಯ ಪಟ್ಟಿ ಮಧ್ಯಾಹ್ನ ಸರಿಯಿತ್ತು, ಸಂಜೆಗೆ ಹರಿದಿತ್ತು. ಗೋಡೆ ನಡುವೆ ಹೊಟ್ಟೆಯನ್ನೂ ಬಿಟ್ಟಿತ್ತು. ಜಂತಿಯಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು. ದೊಡ್ಡವ್ವ ಹೊರಗೆ ಬರಲು ಒಪ್ಪಲಿಲ್ಲ. "ನಾ ಈ ಮನಿಗೆ ಬಂದು ಅರವತ್ತು ವರ್ಸ ಆತು, ಏನೂ ಆಗಂಗಿಲ್ಲ" ಅಂದರು. ನಮ್ಮ ಅತ್ತೆ ಹೋಗಿ ಕೈ ಹಿಡಿದುಕೊಂಡು, "ಯಕ್ಕಾ, ನನಗ ಒಬ್ಬಾಕಿಗೇ ನಿದ್ದಿ ಬರೂದಿಲ್ಲ, ಇವತ್ತೊಂದಿನ ನನ್ನ ಕೂಡ ಮಲಗು ಬಾ" ಅಂದು ಕರೆತಂದರು. ಗೋಡೆ ಬಿದ್ದದ್ದು ಮೂರನೆಯ ದಿನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ. ಮಳೆ ನಿಂತಿತು ಅಂತ ಅವತ್ತೇ ಒಳಗೆ ಹೋಗಬಾರದು ಅಂತ ಎದುರುಮನೆ ಅಜ್ಜ ಯಾವಾಗಲೂ ಹೇಳುತ್ತಾರೆ. ಗೋಡೆಯೊಳಗಿನ ನೀರು ಆಕಾಶದ ನೀರಿನ ಹಾಗೆ ಅಷ್ಟು ಬೇಗ ನಿಲ್ಲುವುದಿಲ್ಲ.

ಹಗೇವಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಕಡೆ ಜೋಳ ಹಾಕಿ ಮುಚ್ಚುತ್ತಿದ್ದ ನೆಲದೊಳಗಿನ ಕಣಜ ಅದು. ಈಗ ಬಳಸುವವರು ಕಡಿಮೆ, ಆದರೆ ಗುಂಡಿಗಳು ಹಾಗೇ ಇವೆ. ಮನೆ ಮುಂದೆ, ರಸ್ತೆ ಕೆಳಗೆ, ಕೆಲವು ಕಡೆ ಮನೆಯೊಳಗೇ ಇವೆ. ನರಗುಂದದಲ್ಲಿ ಮಳೆ ಬಂದಾಗ ಮನೆಯೊಳಗೂ ರಸ್ತೆಯಲ್ಲೂ ನೆಲ ಕುಸಿದ ಸುದ್ದಿ ಓದಿರುತ್ತೀರಿ, ಅಲ್ಲಿ ಹಳೆಯ ಹಗೇವುಗಳ ಮಾತು ಬಂದೇ ಬಂತು. ನಮ್ಮ ಓಣಿಯಲ್ಲಿ ಮೂರು ಹಗೇವು ಎಲ್ಲೆಲ್ಲಿವೆ ಅಂತ ಅಜ್ಜ ಒಬ್ಬರಿಗೇ ಗೊತ್ತಿತ್ತು. ಅವರನ್ನು ಕರೆದುಕೊಂಡು ಹೋಗಿ, ಅವರು ಕೋಲಿನಿಂದ ತೋರಿಸಿದ ಕಡೆ ಸುಣ್ಣದ ಗೆರೆ ಹಾಕಿದೆವು. ಎರಡನ್ನು ಗರಸು ಮಣ್ಣು ತುಂಬಿಸಿ ಮುಚ್ಚಿದೆವು. ಮೂರನೆಯದರ ಮೇಲೆ ಟ್ರ್ಯಾಕ್ಟರ್ ಹೋಗದ ಹಾಗೆ ಕಲ್ಲು ನೆಟ್ಟಿದ್ದೇವೆ.

ಮುಚ್ಚಿದ ಹಗೇವಿನೊಳಗೆ ಇಳಿಯಲೇಬಾರದು. ಒಳಗೆ ಉಳಿದ ಕಾಳು, ಬೂಸ್ಟು ಎಲ್ಲ ಸೇರಿ ಇದ್ದ ಗಾಳಿಯನ್ನು ತಿಂದು ಕೆಟ್ಟ ಗಾಳಿ ತುಂಬಿಸಿರುತ್ತವೆ. ಅದಕ್ಕೆ ವಾಸನೆ ಇಲ್ಲ. ಅದು ಮಾಮೂಲಿ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಹಿಂದಿನವರು ಬಾಯಿ ತೆಗೆದು ಒಂದು ದಿನ ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ನಾನು ಹೇಳುವುದು, ದೀಪ ಉರಿದರೂ ಇಳಿಯಬೇಡಿ. ಒಬ್ಬ ಬಿದ್ದಾಗ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಸಾವು ಎರಡಾಗುವುದು ಅಲ್ಲೇ. ಚೆಂಡು ಬಿತ್ತು, ಕೋಳಿ ಬಿತ್ತು ಅಂತ ಮಕ್ಕಳು ಇಳಿಯುತ್ತಾರೆ. ನಿಮ್ಮ ಮಕ್ಕಳಿಗೆ ಇವತ್ತೇ ಹೇಳಿಬಿಡಿ.

ಕರೆಂಟಿನ ವಿಷಯ ಗಿರಣಿಯವಳಾಗಿ ನನಗೆ ದಿನದ ಪಾಠ. ಮಳೆಗಾಲದ ಮುಂಚೆ ಮೂರು ಕೆಲಸ ಮಾಡಿಸುತ್ತೇನೆ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ತಂತಿ ಗಟ್ಟಿ ಇದೆಯಾ ಅಂತ ನೋಡಿಸುವುದು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಎಲ್ಲೂ ತಗಡಿಗೆ, ಗೋಡೆಗೆ ಉಜ್ಜದ ಹಾಗೆ ಮಾಡಿಸುವುದು. ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುವುದು. ಮನೆಗೆ 30 ಮಿಲಿ ಆಂಪಿಯರಿನದು ಹಾಕಿಸಿಕೊಳ್ಳಿ. ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟುವುದನ್ನು ನಮ್ಮ ಓಣಿಯಲ್ಲಿ ಪೂರ್ತಿ ಬಿಡಿಸಿದ್ದೇವೆ. ಸರ್ವಿಸ್ ವೈರಿನ ಪೈಪಿಗೇ ಆ ತಂತಿ ಕಟ್ಟಿದ್ದ ಮನೆ ಎರಡಿದ್ದವು, ಒದ್ದೆ ಸೀರೆ ಹಾಕುವ ಕೈಗೆ ಕರೆಂಟ್ ಬರಲು ಅಷ್ಟು ಸಾಕು. ಈಗ ಎಲ್ಲ ನೈಲಾನ್ ಹಗ್ಗ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಹಾವಿನ ಬಗ್ಗೆ ಒಂದು ಮಾತು. ಮಳೆ ನೀರು ಬಿಲಕ್ಕೆ ಹೋದರೆ ಅವು ಮನೆ ಕಡೆ ಬರುತ್ತವೆ. ನಾಗರ ಹಾವು ಹೆಡೆ ಎತ್ತುತ್ತದೆ, ಮಂಡಲದ ಹಾವು ಬುಸುಗುಟ್ಟುತ್ತದೆ. ಕಟ್ಟು ಹಾವು ಹಾಗಲ್ಲ. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿಯುತ್ತದೆ, ನೋವೂ ಅಷ್ಟಾಗಿ ಆಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯನ್ನು ಹಾಸಿಗೆಯ ಕೆಳಗೆ ಸಿಗಿಸಿ. ಕಟ್ಟಿಗೆ, ಕುಳ್ಳು ಗೋಡೆಗೆ ತಾಗಿಸಿ ಒಟ್ಟಬೇಡಿ. ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ, 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದೆ. ಅಂದರೆ ಇದು ಎಷ್ಟು ದೊಡ್ಡ ತೊಂದರೆ ಅಂತ ಅವರಿಗೂ ಗೊತ್ತಾಗಿದೆ.

ಭಾನುವಾರ ಸಂಜೆ ಐದಕ್ಕೆ ಏಳೂ ಮಾಳಿಗೆ ಮುಗಿದವು. ಬೀಗ ಹಾಕಿದ ಮನೆಯದನ್ನು ಕೊನೆಗೆ ಮಾಡಿದೆವು. ಬಾಗಿದ್ದ ಎರಡು ಜಂತಿಗೆ ಕೆಳಗಿನಿಂದ ಊರುಗಂಬ ಕೊಟ್ಟೆವು. ಒಳಗೆ ಕಸ ಹೊಡೆದು, ಬಾಗಿಲು ಕಿಟಕಿ ತೆಗೆದು ಒಂದು ತಾಸು ಗಾಳಿಗೆ ಬಿಟ್ಟೆವು. ದೇವರ ಕೋಣೆಯ ಜಂತಿಗೆ ತೊಟ್ಟಿಲು ಕಟ್ಟುವ ಎರಡು ಕಬ್ಬಿಣದ ಕೊಂಡಿ ಇವೆ. ಆ ಹುಡುಗನನ್ನೂ ಅಲ್ಲೇ ತೂಗಿದ್ದಾರಂತೆ. ಅತ್ತೆ ಆ ಕೊಂಡಿಗೆ ಬಟ್ಟೆಯಿಂದ ಎಣ್ಣೆ ಸವರಿ ಬಂದರು.

ಇವತ್ತು ರಾತ್ರಿ ಎಂಟೂವರೆಗೆ ಒಳ್ಳೆ ಮಳೆ ಬಂತು, ಗುಡುಗು ಸಿಡಿಲು ಜೋರಾಗಿಯೇ ಇತ್ತು. ಹತ್ತಕ್ಕೆ ನಿಂತಿತು. ನಾನು, ನಮ್ಮ ಮನೆಯವರು ಬ್ಯಾಟರಿ ಹಿಡಿದು ಓಣಿ ಸುತ್ತಿ ಬಂದೆವು. ದೋಣಿಗಳೆಲ್ಲ ಸುರಿಯುತ್ತಿದ್ದವು. ಹದಿನಾಲ್ಕು ಪಟ್ಟಿಯೂ ಸರಿ ಇವೆ. ಬೀಗ ತೆಗೆದು ಪಕ್ಕದ ಮನೆಯೊಳಗೂ ಹೋಗಿ, ಜಂತಿ ಜಂತಿಗೆ ಬೆಳಕು ಬಿಟ್ಟು ನೋಡಿದೆವು. ಅಲ್ಲಿಂದಲೇ ಗೋವಾಕ್ಕೆ ಫೋನ್ ಹಚ್ಚಿದೆ. ಕಾಯುತ್ತಾ ಕೂತಿದ್ದನೋ ಏನೋ, ಒಂದೇ ರಿಂಗಿಗೆ ಎತ್ತಿದ.

"ದೇವರ ಕ್ವಾಣಿ ಸೋರಿತೇನ್ರಿ ವೈನಿ?"

"ಇಲ್ಲೋ ತಮ್ಮಾ. ಒಣಗೇ ಐತಿ."

"ಮತ್ತ ನಿಮ್ಮದು?"

ನಮ್ಮದು ಅಡಿಗೆಮನೆಯಲ್ಲಿ ಒಲೆಯ ಮೇಲಿನ ಮೂಲೆ ಸೋರಿದೆ. ಅಲ್ಲಿ ಇಳಿಜಾರು ಸರಿಯಾಗಿ ಬಂದಿಲ್ಲ ಅಂತ ಕಾಣುತ್ತದೆ. ಸದ್ಯಕ್ಕೆ ಪಾತ್ರೆ ಇಟ್ಟಿದ್ದೇನೆ. ಹೊಸ ಮಣ್ಣು ನಾಲ್ಕು ಬುಟ್ಟಿ ಉಳಿದಿದೆ. ಬೆಳಿಗ್ಗೆ ಮೇಲೆ ತೇವ ಆರಿದ ಮೇಲೆ ಹತ್ತುತ್ತೇವೆ. ಗಿರಣಿ ನಾಳೆ ಹನ್ನೊಂದಕ್ಕೆ ಶುರು.